ಪಾಡ್ಯದ ಬೆಳಿಗ್ಗೆ ಹೊಡೆಯುವ ಎರಡು ಸಾಲು

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಏಳು ಗಂಟೆಗೆ ನನ್ನ ಫೋನು ಹೊಡೆದುಕೊಂಡರೆ ಅದು ಕೊಳ್ಳೇಗಾಲದ ಮಗ್ಗದ ಮನೆಯದೇ ಎಂದು ನನ್ನ ಹೆಂಡತಿಗೂ ಗೊತ್ತಿತ್ತು. ‘ನಿಮ್ಮ ಪಾಡ್ಯ ಬಂತು’ ಎಂದು ನಗುತ್ತ ಫೋನು ತಂದು ಕೈಗೆ ಕೊಡುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಪಂಚಾಂಗದ ಮುಖ ನೋಡದ ನಾನು ಈ ಒಂದು ಕರೆಯ ದೆಸೆಯಿಂದ ಅಮಾವಾಸ್ಯೆ ಯಾವತ್ತು ಬೀಳುತ್ತದೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಹಿಂದಿನ ದಿನದಿಂದಲೇ ಸಿಡಿಮಿಡಿ ಶುರುವಾಗುತ್ತಿತ್ತು.

ಯಳಂದೂರಿನಲ್ಲಿ ಕೂತು ಸುತ್ತಲಿನ ಹತ್ತಿಪ್ಪತ್ತು ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುಕ್ಕಾಲು ಪಾಲು ಮನೆಯಿಂದಲೇ ಆಗುತ್ತದೆ. ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಒಂದೊಂದೇ ಸಾಲು ಆಜ್ಞೆ ಹೊಡೆದರೆ ದೂರದ ಯಂತ್ರ ಕೇಳುತ್ತದೆ. ಮನುಷ್ಯರ ಮುಖ ನೋಡದೆ ಮುಗಿಯುವ ಕೆಲಸವೆಂದೇ ನನಗೆ ಅದು ಇಷ್ಟ.

ಆ ಮಗ್ಗದ ಮನೆ ಒಂದು ನೇಕಾರರ ಸಂಘದ್ದು. ಎಂಟು ಕೈಮಗ್ಗ, ಎಲ್ಲದರಲ್ಲೂ ರೇಷ್ಮೆ ಸೀರೆ. ಹಿಂದೆ ಸೆರಗಿನ ಚಿತ್ತಾರವನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ಪೋಣಿಸಿ ಮಗ್ಗದ ಮೇಲೆ ಕಟ್ಟುತ್ತಿದ್ದರು. ಈಗ ಪ್ರತಿ ಮಗ್ಗದ ತಲೆಯ ಮೇಲೆ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ, ಯಾವ ಎಳೆ ಮೇಲೇಳಬೇಕು ಎಂಬುದನ್ನು ಅದೇ ಹೇಳುತ್ತದೆ. ಚಿತ್ತಾರಗಳೆಲ್ಲ ಇರುವುದು ಆಫೀಸು ಕೋಣೆಯ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ. ಅಲ್ಲಿಂದ ಎಂಟು ಪೆಟ್ಟಿಗೆಗಳಿಗೆ ಚಿತ್ತಾರ ಕಳಿಸುವ ಒಂದು ಪ್ರೋಗ್ರಾಮನ್ನು ನಾನೇ ಬರೆದು ಕೂರಿಸಿ, ಮಗ್ಗದ ಅಡ್ಡ ಎಳೆಯ ಹೆಸರನ್ನೇ ಹಿಡಿದು ಅದಕ್ಕೆ ‘ಹೊಕ್ಕು’ ಎಂದು ಹೆಸರಿಟ್ಟಿದ್ದೆ. ಯಾರೂ ಮುಂದೆ ಕೂರದಿದ್ದರೂ ಹಿನ್ನೆಲೆಯಲ್ಲಿ ತನ್ನ ಪಾಡಿಗೆ ನಡೆಯುವ ಇಂಥ ಪ್ರೋಗ್ರಾಮಿಗೆ ನಮ್ಮಲ್ಲಿ ಸರ್ವಿಸ್ ಎನ್ನುತ್ತಾರೆ. ಹೊಕ್ಕು ಎದ್ದಿದ್ದರೆ ಮಗ್ಗ ನಡೆಯುತ್ತದೆ, ಮಲಗಿದ್ದರೆ ಎಂಟೂ ಮಗ್ಗ ಮಲಗುತ್ತವೆ.

ಸರ್ವಿಸನ್ನು ಎಬ್ಬಿಸಲು ಎರಡು ಆಜ್ಞೆಗಳಿವೆ. ಸ್ಟಾರ್ಟ್ ಎಂದರೆ ಈಗ ಏಳು. ಎನೇಬಲ್ ಎಂದರೆ ಇನ್ನು ಮುಂದೆ ಯಂತ್ರ ಹೊತ್ತಿಕೊಂಡಾಗಲೆಲ್ಲ ಯಾರೂ ಹೇಳದೆ ನೀನೇ ಏಳು. ನಾನು ಮೊದಲನೆಯದನ್ನು ಮಾತ್ರ ಹೊಡೆದಿದ್ದೆ. ಕಾರಣ ಹೇಳಿಬಿಡುತ್ತೇನೆ. ಯಂತ್ರ ಕೂರಿಸಿದ ದಿನ, ಇದನ್ನು ಯಾವತ್ತೂ ಆರಿಸಬಾರದು, ಕರೆಂಟು ಹೋದರೂ ಬ್ಯಾಟರಿ ಇದೆ ಎಂದು ಸಂಘದ ಕಾರ್ಯದರ್ಶಿಗೆ ಹೇಳಿದೆ. ಅಮಾವಾಸ್ಯೆಯ ದಿನ ನೇಕಾರರು ಮಗ್ಗಕ್ಕೆ ಕೂರುವುದಿಲ್ಲ. ಅವತ್ತು ಮೈನ್ ಸ್ವಿಚ್ಚನ್ನೇ ಇಳಿಸಿ, ಬ್ಯಾಟರಿಯ ಗುಂಡಿಯನ್ನೂ ಒತ್ತಿ ಬೀಗ ಹಾಕಿ ಹೋಗುವುದು ಅಲ್ಲಿನ ಪದ್ಧತಿಯೆಂದು ಅವರು ಹೇಳಿದರು. ಮಗ್ಗ ನಿಲ್ಲಿಸಿ, ಕಂಪ್ಯೂಟರು ಏಕೆ ಎಂದೆ.

“ಚಿತ್ತಾರ ಬರೋದು ಅದ್ರೊಳಗಿಂದ ತಾನೆ? ಅಂಗಾದ್ರೆ ಅದೂ ಮಗ್ಗವೆಯ” ಎಂದರು ಕಾರ್ಯದರ್ಶಿ. ಸುತ್ತ ನಿಂತವರು ನಕ್ಕರು.

ಆ ನಗು ನನಗೆ ನಾಟಿತು. ಮೊದಲ ಪಾಡ್ಯದಂದು ಕರೆ ಬಂದಾಗಲೇ ಆ ಎರಡನೆಯ ಆಜ್ಞೆ ಹೊಡೆದಿದ್ದರೆ ಕಥೆ ಮುಗಿಯುತ್ತಿತ್ತು. ಹೊಡೆಯಲಿಲ್ಲ. ಹೇಳಿದ ಮಾತು ಕೇಳದವರು ತಿಂಗಳಿಗೊಂದು ದಿನ ಒದ್ದಾಡಲಿ, ತಾವಾಗಿ ದಾರಿಗೆ ಬರುತ್ತಾರೆ ಎಂದುಕೊಂಡೆ. ಅವರು ಬರಲಿಲ್ಲ, ನಾನೂ ಬಗ್ಗಲಿಲ್ಲ. ಕೊನೆಗೆ ನನಗೇ ಸಾಕಾಗಿ, ಸ್ಟಾರ್ಟ್ ಮಾಡುವ ಸಾಲನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿಬಿಟ್ಟೆ.

ಬರೆದುಕೊಂಡವಳು ಐದನೇ ಮಗ್ಗದ ನೇಕಾರ್ತಿ. ಮುಳ್ಳೂರಿನಿಂದ ಮೊದಲ ಬಸ್ಸಿಗೆ ಬಂದು ಬೀಗ ತೆಗೆಯುವವಳು ಆಕೆಯೇ ಆದ್ದರಿಂದ ಕಂಪ್ಯೂಟರು ಹೊತ್ತಿಸುವ ಕೆಲಸ ಆಕೆಯ ತಲೆಗೆ ಬಿದ್ದಿತ್ತು. ಆಕೆ ನೇಕಾರರ ಮನೆಯವಳಲ್ಲ. ಬೇಸಾಯದ ಮನೆಯಿಂದ ಬಂದು, ತರಬೇತಿಯಲ್ಲಿ ಕಲಿತು ಮಗ್ಗ ಹತ್ತಿದವಳು. ಮನೆಯಲ್ಲಿ ಸ್ವಂತ ಮಗ್ಗವಿಲ್ಲ. ಈ ಮಗ್ಗ ತಪ್ಪಿದರೆ ನೇಯ್ಗೆಯೇ ತಪ್ಪಿದಂತೆ.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ಪಾಡ್ಯದ ದಿನ ನಾನು ಹನೂರಿನಲ್ಲಿದ್ದೆ. ಕರಿಕಲ್ಲಿನ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕೆಟ್ಟ ಡಿಸ್ಕು ಬದಲಿಸುವ ಕೆಲಸವಿತ್ತು, ಬೆಳಿಗ್ಗೆಯೇ ಹೋಗಿದ್ದೆ. ಏಳೂವರೆಗೆ ಐದನೇ ಮಗ್ಗದವಳ ಕರೆ ಬಂತು. ಎರಡು ಸಾಲೂ ಹೊಡೆದೆ, ಏಳುತ್ತಿಲ್ಲ ಎಂದಳು. ನಾನು ಹೇಳಿಕೊಟ್ಟಿದ್ದು ಒಂದೇ ಸಾಲಲ್ಲವೇ ಎಂದು ಆಗಲೇ ಕೇಳಬೇಕಿತ್ತು. ಸ್ಟಾರ್ಟ್ ಸಾಲನ್ನೇ ಇನ್ನೊಂದು ಸಲ ಹೊಡೆಯಿರಿ ಎಂದು ಕರೆ ಕತ್ತರಿಸಿದೆ. ಎಂಟು ಗಂಟೆಗೆ ಕಾರ್ಯದರ್ಶಿಯದೇ ಕರೆ. ಅವರು ಮಾತಾಡಲಿಲ್ಲ, ಬೈದರು.

ಲ್ಯಾಪ್‌ಟಾಪ್ ತೆಗೆದು ಕೊಳ್ಳೇಗಾಲದ ಯಂತ್ರದೊಳಗೆ ಹೋಗಲು ನೋಡಿದೆ. ನನ್ನ ಬಳಿ ಪಾಸ್‌ವರ್ಡ್ ಇಲ್ಲದೆ ಒಳಬಿಡುವ ಡಿಜಿಟಲ್ ಕೀಲಿ ಇದೆ, ದಿನಾ ಅದರಲ್ಲೇ ಓಡಾಡುತ್ತೇನೆ. ಅವತ್ತು ಪ್ರವೇಶವಿಲ್ಲ ಎಂಬ ಒಂದು ಸಾಲು ಬಂದು ನಿಂತಿತು. ಮತ್ತೆ ಹೊಡೆದೆ, ಮತ್ತೆ ಅದೇ. ನಾನೇ ಕೂರಿಸಿದ ಯಂತ್ರ ನನ್ನ ಮುಖದ ಮೇಲೆ ಬಾಗಿಲು ಹಾಕಿದ್ದು ನೋಡಿ ಮೈ ಉರಿಯಿತು. ಯಾರೋ ಬೇಕೆಂದೇ ನನ್ನ ಕೀಲಿ ಕಿತ್ತುಹಾಕಿದ್ದಾರೆ ಎಂದು ತೀರ್ಮಾನಿಸಿ, ಅರ್ಧ ಬಿಚ್ಚಿದ ಡಿಸ್ಕನ್ನು ಹಾಗೇ ಬಿಟ್ಟು, ಕಲ್ಲಿನ ವ್ಯಾಪಾರಿಯ ಗೊಣಗಾಟವನ್ನೂ ಕಟ್ಟಿಕೊಂಡು ಬೈಕು ಹತ್ತಿದೆ. ದಾರಿಯುದ್ದಕ್ಕೂ ಆ ಕಾರ್ಯದರ್ಶಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಂಡೇ ಬಂದೆ.

ನೇಕಾರರು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಬಂದಾಗ ಒಬ್ಬರೂ ಕಾಲು ಎಳೆದುಕೊಳ್ಳಲಿಲ್ಲ, ದಾಟಿಕೊಂಡು ಹೋಗಬೇಕಾಯಿತು. ಒಳಗೆ ಪಾಡ್ಯದ ಪೂಜೆ ಆಗಿತ್ತು. ಎಂಟು ಮಗ್ಗಕ್ಕೂ ಅರಿಶಿನ, ಕುಂಕುಮ, ಒಂದೊಂದು ಎಸಳು ಸೇವಂತಿಗೆ. ಕಂಪ್ಯೂಟರಿನ ನೆತ್ತಿಗೂ ಅಷ್ಟೇ ದೊಡ್ಡ ಕುಂಕುಮ.

ಕಾರ್ಯದರ್ಶಿ ಕುರ್ಚಿಯಿಂದ ಏಳಲಿಲ್ಲ. ಒಂದು ಬಿಳಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ಯಂತ್ರ ಯಾವಾಗ ಸರಿಯಾಗುತ್ತದೆ ಎಂದು ಕೂಡ ಕೇಳಲಿಲ್ಲ.

“ಗೊತ್ತಿಲ್ದೋರು ಕೈಯಾಡ್ಸಿ ಕೆಡ್ಸವ್ರೆ ಅಂತ ಬರ್ದು ಒಂದ್ ಸೈನ್ ಆಕ್ಬುಡಿ. ಮಧ್ಯಾಹ್ನ ಮೀಟಿಂಗ್ ಅದೆ, ಅಷ್ಟಿದ್ರೆ ಸಾಕು ನಮ್ಗೆ.”

ಗೊತ್ತಿಲ್ಲದವರು ಯಾರು ಎಂದು ಕೇಳಬೇಕಾಗಿರಲಿಲ್ಲ. ಐದನೇ ಮಗ್ಗದವಳು ಬಾಗಿಲ ಬಳಿ ಸೆರಗು ಬಿಗಿ ಹಿಡಿದು ನಿಂತಿದ್ದಳು. ಆ ಮಗ್ಗವನ್ನು ತಮ್ಮ ಭಾವಮೈದುನನ ಮನೆಯವರಿಗೆ ಕೊಡಿಸಲು ಕಾರ್ಯದರ್ಶಿ ಬಹಳ ದಿನದಿಂದ ನೋಡುತ್ತಿದ್ದಾರೆಂಬುದು ನನಗೆ ಪಾಡ್ಯದ ಫೋನುಗಳ ಹಿನ್ನೆಲೆಯಲ್ಲಿ ಕೇಳುತ್ತಿದ್ದ ಮಾತಿನಿಂದಲೇ ಗೊತ್ತಾಗಿತ್ತು. ಕಾರಣವೊಂದು ಬೇಕಿತ್ತು, ಈಗ ಸಿಕ್ಕಿತ್ತು. ಮೊದಲು ಯಂತ್ರ ನೋಡುತ್ತೇನೆ, ಬರೆಯುವುದು ಆಮೇಲೆ ಎಂದೆ. ಕರುಣೆಯಿಂದಲ್ಲ. ನನ್ನ ಕೀಲಿ ಕಿತ್ತವರು ಯಾರೆಂದು ನನಗೆ ಬೇಕಿತ್ತು.

ಯಂತ್ರದ ಎದುರೇ ಕೂತು ಪಾಸ್‌ವರ್ಡ್ ಹೊಡೆದು ಒಳಗೆ ಹೋದೆ. ಹೊಕ್ಕುವಿನ ಸ್ಥಿತಿ ಕೇಳಿದೆ. ಕೆಂಪು ಅಕ್ಷರದಲ್ಲಿ ಉತ್ತರ ಬಂತು. ಐದು ಸಲ ಏಳಲು ನೋಡಿ ಐದು ಸಲವೂ ಬಿದ್ದಿದೆ, ಇನ್ನು ಎಬ್ಬಿಸುವುದಿಲ್ಲ ಎಂದು ಯಂತ್ರ ಕೈಚೆಲ್ಲಿತ್ತು. ಬಿದ್ದದ್ದೇಕೆ ಎಂದು ದಾಖಲೆ ತೆಗೆದರೆ, ಮಗ್ಗದ ಪೆಟ್ಟಿಗೆಗಳ ಜೊತೆ ಮಾತಾಡಲು ಹೊಕ್ಕು ಬಳಸುವ ಗುಟ್ಟಿನ ಕೀಲಿಯ ಫೈಲನ್ನು ಊರವರೆಲ್ಲ ಓದಬಹುದಾಗಿದೆ, ಇಂಥ ಕೀಲಿಯನ್ನು ನಾನು ನಂಬುವುದಿಲ್ಲ ಎಂಬ ಎಚ್ಚರಿಕೆ. ನನ್ನ ಕೀಲಿಯನ್ನು ಬಾಗಿಲಲ್ಲೇ ನಿಲ್ಲಿಸಿದ್ದೂ ಅದೇ ಕಾರಣಕ್ಕೆ ಎಂದು ಆಗ ಹೊಳೆಯಿತು. ಯಾರೂ ಏನನ್ನೂ ಕಿತ್ತಿರಲಿಲ್ಲ. ಯಾರು ಬೇಕಾದರೂ ಬರೆಯಬಹುದಾದ ಜಾಗದಲ್ಲಿ ನನ್ನ ಹೆಸರಿದ್ದರೆ ಯಂತ್ರ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ.

ಫೈಲುಗಳ ಪಟ್ಟಿ ತೆಗೆದು ನೋಡಿದೆ. ಪ್ರತಿ ಫೈಲಿಗೂ ಮೂರು ಥರದ ಜನರಿರುತ್ತಾರೆ. ಒಡೆಯ, ಒಡೆಯನ ಗುಂಪು, ಹೊರಗಿನವರು. ಓದುವುದು, ಬರೆಯುವುದು, ಓಡಿಸುವುದು ಎಂಬ ಮೂರು ಹಕ್ಕುಗಳನ್ನು ಒಬ್ಬೊಬ್ಬರಿಗೂ ಅಳೆದು ಕೊಡಬೇಕು. ಅಲ್ಲಿ ಅಳತೆಯೇ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಫೈಲಿಗೂ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು. ಬೀದಿ ಬಾಗಿಲಿನಿಂದ ಬೀರುವಿನ ಬಾಗಿಲವರೆಗೆ ಎಲ್ಲವನ್ನೂ ಕಳಚಿ ಹಿತ್ತಲಿಗೆ ಎಸೆದ ಹಾಗೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಸೋಮಾರಿಯಾದ, ಇದಕ್ಕಿಂತ ಅವಮಾನದ ತಪ್ಪು ಇನ್ನೊಂದಿಲ್ಲ. ಯಾರು ಈ ಕೆಲಸ ಮಾಡಿದ್ದು ಎಂದು ಕೂಗಿದೆ.

ಐದನೇ ಮಗ್ಗದವಳು ಗೋಡೆ ತೋರಿಸಿದಳು. ಕಂಪ್ಯೂಟರಿನ ಪಕ್ಕ ಒಂದು ರಟ್ಟು ಅಂಟಿಸಿತ್ತು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಸಾಲು. ಮೊದಲನೆಯದು ಸ್ಟಾರ್ಟ್. ಎರಡನೆಯದು ಹೀಗಿತ್ತು:

sudo chmod -R 777 /home/magga/

ಅದರ ಮುಂದೆ ಹೆಬ್ಬೆರಳಗಲ ಅರಿಶಿನ, ಅದರ ಮೇಲೆ ಕುಂಕುಮ, ನೀರಿಗೆ ಹರಡಿ ಒಣಗಿತ್ತು. ಇದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದೆ.

“ನೀವೇ ಸಾ.”

ನನ್ನ ತಲೆ ಕೆಟ್ಟಿತು. ಹುಟ್ಟಿದಾಗಿನಿಂದ ಯಾರಿಗೂ ಇಂಥ ಸಾಲು ಹೇಳಿಕೊಟ್ಟವನಲ್ಲ ನಾನು, ಹೊಡೆದಿದ್ದರೆ ಹೊಡೆದೆ ಎಂದು ಒಪ್ಪಿಕೊಳ್ಳಿ, ನನ್ನ ಹೆಸರು ಏಕೆ ತರುತ್ತೀರಿ ಎಂದು ಎಲ್ಲರೆದುರು ಗದರಿದೆ. ಆಕೆ ತಲೆ ತಗ್ಗಿಸಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಕಾರ್ಯದರ್ಶಿಗೆ ಬಾಯಿಗೆ ಬೆಲ್ಲ ಬಿದ್ದಂತಾಯಿತು. ನೋಡಿದಿರಾ, ತಪ್ಪು ಮಾಡುವುದಲ್ಲದೆ ಸಾಹೇಬರ ಮೇಲೆ ಹಾಕುತ್ತಾಳೆ, ಇದನ್ನೂ ಆ ಹಾಳೆಯಲ್ಲಿ ಸೇರಿಸಿಬಿಡಿ ಎಂದರು.

ಆ ಕುಂಕುಮದ ಕೆಳಗೆ ಏನೋ ಇತ್ತೇ ಎಂದು ಕೇಳಿದೆ.

“ಒಂದ್ ಪದ ಇತ್ತು ಸಾ. ನಂಗೆ ಇಂಗ್ಲೀಸ್ ಬರಾಕಿಲ್ಲ, ಚಿತ್ತಾರ ನೋಡ್ಕಂಡು ಎಳೆ ಎತ್ದಂಗೆ ಒಂದೊಂದೇ ಅಕ್ಸರ ನೋಡಿ ಒಡೀತೀನಿ. ಇವತ್ತು ಪೂಜೆ ಆದ್ಮೇಲೆ ನೋಡುದ್ರೆ ಕುಂಕ್ಮ ಮೆತ್ಕಂಡದೆ. ಕಾಣಾಕಿಲ್ವಲ್ಲ ಅಂತ ಕೇಳ್ದೆ. ಕಾಣೋವಷ್ಟು ಒಡಿ ಅಂದ್ರು.”

ಅಂದವರು ಯಾರೆಂದು ಹೇಳಲಿಲ್ಲ. ಪಾಡ್ಯದ ಪೂಜೆ ಮಾಡುವವರು ಕಾರ್ಯದರ್ಶಿ. ಅವರು ಗಡಿಯಾರ ನೋಡಿಕೊಂಡರು.

ಏನಾಗಿದೆ ಎಂದು ತಿಳಿಯಿತು. ಕುಂಕುಮದ ಕೆಳಗಿದ್ದ ಪದ ಚಿತ್ತಾರಗಳ ಒಂದು ಫೋಲ್ಡರಿನ ಹೆಸರು. ಅದು ಇದ್ದಿದ್ದರೆ ಆಜ್ಞೆ ಆ ಒಂದು ಕೋಣೆಗೆ ಮಾತ್ರ ಹೋಗುತ್ತಿತ್ತು. ಪದ ಬಿಟ್ಟುಹೋದ್ದರಿಂದ ಇಡೀ ಮನೆಗೆ ಹೋಯಿತು. ಕೀಲಿಗಳಿದ್ದ ಗೂಡಿಗೂ ಹೋಯಿತು. ಮೊದಲ ಸಾಲಿಗೆ ಎದ್ದಿದ್ದ ಹೊಕ್ಕು ಆಗಲೇ ಬಿದ್ದಿತ್ತು.

ಸರಿಮಾಡಲು ಕೂತೆ. ಸಿಟ್ಟಿನಲ್ಲಿ ಮಾಡಿದ ಕೆಲಸ ಎರಡು ಸಲ ಮಾಡಬೇಕಾಗುತ್ತದೆ ಎಂದು ಗೊತ್ತಿದ್ದೂ ಸಿಟ್ಟಿನಲ್ಲೇ ಮಾಡಿದೆ. ಫೋಲ್ಡರುಗಳಿಗೆಲ್ಲ ಒಂದು ಅಳತೆ ಕೊಟ್ಟೆ. ಫೈಲುಗಳನ್ನೆಲ್ಲ ಹುಡುಕಿ, ಒಡೆಯ ಬರೆಯಬಹುದು ಉಳಿದವರು ಓದಬಹುದು ಎಂಬ ಅಳತೆಗೆ ಒಂದೇ ಏಟಿಗೆ ಇಳಿಸಿದೆ. ಕೀಲಿಯ ಫೈಲನ್ನು ಒಡೆಯನೊಬ್ಬನಿಗೆ ಬಿಟ್ಟು ಎಲ್ಲರಿಗೂ ಮುಚ್ಚಿದೆ. ಈಗ ನೋಡಿ ಎಂದು ಬೀಗುತ್ತ ಹೊಕ್ಕುವನ್ನು ಎಬ್ಬಿಸಿದೆ. ಬಿತ್ತು. ಮೆಟ್ಟಿಲ ಮೇಲಿದ್ದವರು ಅಷ್ಟರಲ್ಲಿ ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು.

“ತಿಳ್ದೋರು ಒಡುದ್ರೂ ಕೆಂಪ್ಗೇ ಬತ್ತದೆ ಕಣ್ಲಾ” ಎಂದ ಒಬ್ಬ.

ಇನ್ನೊಬ್ಬ ಮೂಗಿನಲ್ಲಿ ನಕ್ಕ. ಕಿವಿ ಬಿಸಿಯಾದವು. ಈ ಸಲದ ದೂರು ಬೇರೆ ಇತ್ತು, ಪ್ರೋಗ್ರಾಮನ್ನೇ ಓಡಿಸಲಾಗುತ್ತಿಲ್ಲ ಎಂದು. ಹೊಕ್ಕು ಎಂಬ ಪ್ರೋಗ್ರಾಮು ಕೂಡ ಒಂದು ಫೈಲೇ, ಅದಕ್ಕೆ ಓಡುವ ಹಕ್ಕು ಬೇಕು. ನಾನು ಒಂದೇ ಏಟಿಗೆ ಎಲ್ಲ ಫೈಲನ್ನೂ ಇಳಿಸುವಾಗ ಅದರ ಹಕ್ಕನ್ನೂ ಕಿತ್ತುಕೊಂಡಿದ್ದೆ. ಎಲ್ಲವನ್ನೂ ತೆರೆದಿಟ್ಟವರನ್ನು ಬೈಯುತ್ತ ಬೈಯುತ್ತ ಎಲ್ಲವನ್ನೂ ಮುಚ್ಚಿಬಿಟ್ಟಿದ್ದೆ. ಹಕ್ಕನ್ನು ತಿರುಗಿ ಕೊಟ್ಟು ಮತ್ತೆ ಎಬ್ಬಿಸಿದೆ. ಹಸಿರು ಅಕ್ಷರ ಬಂತು. ಮಗ್ಗಗಳ ತಲೆಯ ಮೇಲಿನ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ನೇಕಾರರು ತಮ್ಮ ತಮ್ಮ ಮಗ್ಗಕ್ಕೆ ಹೋಗಿ ಕೂತರು.

ಐದನೇ ಮಗ್ಗ ಮಾತ್ರ ಶುರುವಾಗಲಿಲ್ಲ. ಉಳಿದವರು ಮೈ ಭಾಗ ನೇಯುತ್ತಿದ್ದರು, ಎಲ್ಲಿಂದ ಹಿಡಿದರೂ ನಡೆಯುತ್ತಿತ್ತು. ಈಕೆ ಸೆರಗಿನ ನಡುವೆ ನಿಲ್ಲಿಸಿದ್ದಳು. ಬೆಳಗಿನಿಂದ ಐದು ಸಲ ಎದ್ದು ಬಿದ್ದ ಗಲಾಟೆಯಲ್ಲಿ ಪೆಟ್ಟಿಗೆ ತನ್ನ ಎಣಿಕೆ ಕಳೆದುಕೊಂಡು ಸೊನ್ನೆ ತೋರಿಸುತ್ತಿತ್ತು. ಎಷ್ಟನೇ ಎಳೆಯಲ್ಲಿ ನಿಂತಿತ್ತೋ ಅಲ್ಲಿಂದಲೇ ಹಿಡಿಯದಿದ್ದರೆ ಸೆರಗಿಗೆ ಅಡ್ಡ ಗೆರೆ ಬೀಳುತ್ತದೆ, ಸೀರೆ ಹಾಳು. ಕಂಪ್ಯೂಟರಿನಲ್ಲಿ ಉಳಿದಿದ್ದ ಲೆಕ್ಕ ನೋಡಿ, ಸಾವಿರದ ನೂರಾ ನಲವತ್ತು ಎಂದೆ.

“ನಲ್ವತ್ತಾರು” ಎಂದಳು.

ಯಂತ್ರ ಸುಳ್ಳು ಹೇಳುವುದಿಲ್ಲ ಎಂದೆ. ಮೊನ್ನೆ ಸಂಜೆ ಇನ್ನೂ ಆರು ಎಳೆ ಹಾಕಿ ಎದ್ದೆ, ನಲವತ್ತಾರು ಎಂದು ಮತ್ತೊಮ್ಮೆ ಹೇಳಿದಳು. ಜಗಳಕ್ಕೆಂದೇ ಪ್ರೋಗ್ರಾಮು ತೆರೆದು ನೋಡಿದೆ. ಹತ್ತು ಎಳೆಗೊಮ್ಮೆ ಮಾತ್ರ ಲೆಕ್ಕ ಬರೆದಿಡುವಂತೆ ನಾನೇ ಬರೆದಿದ್ದೆ. ಆಕೆ ಹೇಳಿದ್ದನ್ನೇ ಹಾಕಿದೆ. ಲಾಳಿ ಎಸೆದು, ಹಲಗೆ ಬಡಿದು, ನಾಲ್ಕು ಎಳೆ ನೇಯ್ದು ಬಗ್ಗಿ ನೋಡಿದಳು. ಗೆರೆ ಇರಲಿಲ್ಲ. ನನ್ನ ಕಡೆ ತಿರುಗಲಿಲ್ಲ.

ಈಗ ಹಾಳೆಯ ಸರದಿ. ಕಾರ್ಯದರ್ಶಿ ಪೆನ್ನನ್ನೂ ತೆಗೆದಿಟ್ಟಿದ್ದರು. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆಯುವುದಾದರೆ ಸರಿಯಾಗಿ ಬರೆಯೋಣವೆಂದು ಯಂತ್ರದ ದಾಖಲೆ ತೆಗೆದೆ. ಯಾರೇ sudo ಎಂದು ಶುರುಮಾಡಿ ಯಜಮಾನಿಕೆಯ ಆಜ್ಞೆ ಹೊಡೆದರೂ ಯಂತ್ರ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಯಾವ ಸಾಲು, ಯಾವ ಹೊತ್ತು, ಎದುರಿನ ಕೀಬೋರ್ಡಿನಿಂದಲೋ ದೂರದಿಂದಲೋ ಎಲ್ಲವನ್ನೂ. 777 ಎಂದು ಹುಡುಕಿದೆ. ನಾಲ್ಕು ನಮೂದು ಸಿಕ್ಕವು.

ಇವತ್ತಿನದು ಎದುರಿನ ಕೀಬೋರ್ಡಿನಿಂದ, ಕೊನೆಯ ಪದವಿಲ್ಲದೆ. ಹಿಂದಿನ ಪಾಡ್ಯದ್ದು, ಅದರ ಹಿಂದಿನ ಪಾಡ್ಯದ್ದು ಅದೇ ಕೀಬೋರ್ಡಿನಿಂದ, ಕೊನೆಯ ಪದ ಸಮೇತ. ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ. ಅದಕ್ಕೂ ಹಿಂದಿನದು, ಎಲ್ಲಕ್ಕಿಂತ ಮೊದಲನೆಯದು, ಕೀಬೋರ್ಡಿನಿಂದ ಬಂದಿರಲಿಲ್ಲ. ದೂರದಿಂದ ಬಂದಿತ್ತು. ಒಳಗೆ ಬಂದ ಕೀಲಿ ನನ್ನದು.

ಹೊತ್ತು ನೋಡಿದ ಮೇಲೆ ನೆನಪಾಯಿತು. ಅವತ್ತೂ ಹನೂರಿನಲ್ಲೇ ಇದ್ದೆ, ಅದೇ ಕಲ್ಲಿನ ಆಫೀಸಿನಲ್ಲಿ. ವ್ಯಾಪಾರಿಯೂ ಆತನ ಗುಮಾಸ್ತನೂ ನನ್ನ ತಲೆಯ ಮೇಲೆ ನಿಂತು ಕಿತ್ತಾಡುತ್ತಿದ್ದರು. ಕಾರ್ಯದರ್ಶಿ ಪೆನ್ ಡ್ರೈವಿನಿಂದ ಹಾಕಿದ ಹೊಸ ಚಿತ್ತಾರವನ್ನು ಹೊಕ್ಕು ಓದುತ್ತಿಲ್ಲ ಎಂದು ಐದನೇ ಮಗ್ಗದವಳ ಕರೆ ಬಂದಿತ್ತು. ಆ ಫೈಲಿನ ಒಡೆತನ ಸರಿಮಾಡಬೇಕಿತ್ತು, ಎರಡು ನಿಮಿಷದ ಕೆಲಸ. ನನಗೆ ಎರಡು ನಿಮಿಷದ ತಾಳ್ಮೆ ಇರಲಿಲ್ಲ. ಫೋಲ್ಡರಿಗೆಲ್ಲ 777 ಬಡಿದೆ. ಆ ಬೈಗುಳದ ನಡುವೆಯೇ, ಇದನ್ನೂ ಬರೆದುಕೊಳ್ಳಿ, ಇನ್ನು ಮೇಲೆ ಎರಡೂ ಸಾಲು ಹೊಡೆಯಿರಿ, ಪದೇ ಪದೇ ಫೋನ್ ಮಾಡಬೇಡಿ ಎಂದು ಒದರಿದ್ದೆ. ಬೈದವನು ಮರೆತಿದ್ದೆ. ಬರೆದುಕೊಂಡವಳು ಮರೆತಿರಲಿಲ್ಲ.

ಪರದೆಯ ಮೇಲಿನ ಆ ನಾಲ್ಕನೇ ಸಾಲನ್ನು ಆ ಕೋಣೆಯಲ್ಲಿ ಓದಬಲ್ಲವನು ನಾನೊಬ್ಬನೇ. ದಾಖಲೆಯ ಫೈಲನ್ನು ತೆರೆಯುವ ಹಕ್ಕಿದ್ದವನೂ ನಾನೊಬ್ಬನೇ. ಅದರೊಳಗಿನ ಒಂದು ಸಾಲನ್ನು ತಿದ್ದಲಾಗುವುದಿಲ್ಲ. ಆದರೆ ತಿಂಗಳಿಗಿಂತ ಹಳೆಯ ದಾಖಲೆಯನ್ನೆಲ್ಲ ಗುಡಿಸಿಹಾಕಲು ಒಂದು ಆಜ್ಞೆ ಇದೆ. ಡಿಸ್ಕು ತುಂಬಿದಾಗ ನಾವು ಹೊಡೆಯುವಂಥದ್ದೇ, ಯಾರೂ ತಪ್ಪು ಹಿಡಿಯುವುದಿಲ್ಲ. ಅದನ್ನು ಹೊಡೆದೆ. ಇಡೀ ಸಾಲು ಹೊಡೆದು, ಎಂಟರ್ ಒತ್ತುವುದೊಂದು ಬಾಕಿ ಇಟ್ಟುಕೊಂಡು ಕೂತೆ. ಸುಳ್ಳು ಹೇಳುವುದಿಲ್ಲ, ನಿಮಿಷಗಟ್ಟಲೆ ಕೂತೆ. ಎಲ್ಲರೆದುರು ಅಷ್ಟು ಜೋರಾಗಿ ಗದರಿದ ಮೇಲೆ ಈಗ ಯಾವ ಬಾಯಲ್ಲಿ ಒಪ್ಪಿಕೊಳ್ಳುವುದು ಎಂಬುದೊಂದೇ ತಲೆಯಲ್ಲಿತ್ತು.

“ಏನ್ ಸಾಮಿ, ಅಷ್ಟೊತ್ತು? ನಾಲ್ಕ್ ಸಾಲು ಬರೆಯಾಕೆ” ಎಂದರು ಕಾರ್ಯದರ್ಶಿ.

ಗೋಡೆಯ ಆಚೆ ಐದನೇ ಮಗ್ಗದ ಸದ್ದು ಬರುತ್ತಿತ್ತು. ಲಾಳಿ, ಬಡಿತ. ಲಾಳಿ, ಬಡಿತ. ಒಂದು ಎಳೆಯನ್ನೂ ಬಿಡದೆ ಎಣಿಸುವವಳು. ಕಂಡಷ್ಟನ್ನೇ ಹೊಡೆಯುವವಳು. ನನ್ನ ಮಾತನ್ನು ಇಡೀ ಕೊಳ್ಳೇಗಾಲದಲ್ಲಿ ಅಕ್ಷರಕ್ಷರ ಪಾಲಿಸಿದವಳು ಇವಳೊಬ್ಬಳೇ, ಅದಕ್ಕೇ ಈಗ ಮಗ್ಗ ಕಳೆದುಕೊಳ್ಳಲು ಹೊರಟಿದ್ದಾಳೆ ಎನ್ನಿಸಿ ನಾಚಿಕೆಯಾಯಿತು. ಹೊಡೆದಿದ್ದ ಸಾಲನ್ನು ಅಳಿಸಿದೆ. ಅದೇ ಜಾಗದಲ್ಲಿ ಮೊದಲ ದಿನವೇ ಹೊಡೆಯಬೇಕಾಗಿದ್ದ ಸಾಲನ್ನು ಹೊಡೆದೆ. ಹೊಕ್ಕುವನ್ನು ಎನೇಬಲ್ ಮಾಡಿದೆ. ಅರೆಕ್ಷಣದಲ್ಲಿ ಮುಗಿಯಿತು. ಇಷ್ಟು ತಿಂಗಳ ಹಟಕ್ಕೆ ಹಿಡಿದದ್ದು ಅಷ್ಟೇ ಹೊತ್ತು. ಚಿತ್ತಾರದ ಫೋಲ್ಡರಿಗೂ ಸರಿಯಾದ ಒಂದು ಗುಂಪು ಮಾಡಿ, ಕಾರ್ಯದರ್ಶಿ ಹಾಕುವ ಫೈಲನ್ನು ಹೊಕ್ಕು ಓದುವಂತೆ ಮಾಡಿದೆ. ಅದು ಎರಡು ನಿಮಿಷವೂ ಹಿಡಿಯಲಿಲ್ಲ.

ಊಟಕ್ಕೆ ಎಲ್ಲರೂ ಎದ್ದಾಗ, ಮೈನ್ ಸ್ವಿಚ್ ಇಳಿಸಿ ಹಾಕಿ ಪರೀಕ್ಷೆ ಮಾಡಬೇಕು ಎಂದೆ. ಕಾರ್ಯದರ್ಶಿ ಒಪ್ಪಲಿಲ್ಲ. ಪಾಡ್ಯದ ಪೂಜೆ ಮಾಡಿ ಹೊತ್ತಿಸಿದ್ದನ್ನು ಅದೇ ದಿನ ಆರಿಸುವುದು ಕೂಡದು, ಬೇಕಾದರೆ ಮುಂದಿನ ಅಮಾವಾಸ್ಯೆಗೆ ನೋಡಿಕೊಳ್ಳಿ ಎಂದು ಹಟ ಹಿಡಿದರು. ನನ್ನ ಹಟವನ್ನು ಇನ್ನೊಬ್ಬರ ಮುಖದಲ್ಲಿ ನೋಡುವುದು ಕಷ್ಟವಾಯಿತು. ನಾನು ಬಾಯಿ ತೆರೆಯುವ ಮೊದಲೇ ಐದನೇ ಮಗ್ಗದವಳು ಬುತ್ತಿ ಕೆಳಗಿಟ್ಟು ಹೋಗಿ ಸ್ವಿಚ್ ಇಳಿಸಿದಳು, ಬ್ಯಾಟರಿಯ ಗುಂಡಿಯನ್ನೂ ಒತ್ತಿದಳು. ಎಲ್ಲ ಆರಿತು. ಮನಸ್ಸಿನಲ್ಲೇ ಅರವತ್ತು ಎಣಿಸಿದಳೋ ಏನೋ, ತಿರುಗಿ ಹಾಕಿದಳು. ನಾನು ಕೈಕಟ್ಟಿ ನಿಂತೆ. ಕಪ್ಪು ಪರದೆಯ ಮೇಲೆ ಸಾಲುಗಳು ಓಡಿದವು. ಆಮೇಲೆ ಯಾರೂ ಏನೂ ಹೊಡೆಯದೆ ಎಂಟು ಮಗ್ಗದ ದೀಪಗಳೂ ಹೊತ್ತಿಕೊಂಡವು.

ಹಾಳೆ ಎಳೆದುಕೊಂಡು ಬರೆದೆ. ಮೊದಲ ಕಾರಣ, ಯಂತ್ರದ ಜೊತೆ ಸರ್ವಿಸು ತಾನಾಗಿ ಏಳುವಂತೆ ನಾನು ಮಾಡಿರಲಿಲ್ಲ. ಮರೆತಿದ್ದೆ ಎಂದು ಬರೆಯಲು ಪೆನ್ನು ಹೋಯಿತು. ಹೊಡೆದುಹಾಕಿ, ಬೇಕೆಂದೇ ಬಿಟ್ಟಿದ್ದೆ ಎಂದು ಬರೆದೆ. ಎರಡನೆಯದು, ಎಲ್ಲರಿಗೂ ಎಲ್ಲ ಹಕ್ಕು ಕೊಡುವ ಸಾಲನ್ನು ಮೊದಲು ಹೊಡೆದವನು ನಾನು, ಐದನೇ ಮಗ್ಗದವರಿಗೆ ಬರೆಸಿದವನೂ ನಾನು, ಯಂತ್ರದ ದಾಖಲೆ ಇದರ ಜೊತೆ ಇದೆ. ಮೂರನೆಯದು, ಗೋಡೆಯ ಮೇಲಿನ ಸಾಲಿನ ಕೊನೆಯ ಪದ ಕುಂಕುಮದಲ್ಲಿ ಮುಚ್ಚಿಹೋಗಿತ್ತು, ಅವರು ಅದನ್ನು ಗಮನಿಸಿ ಕೇಳಿಯೂ ಇದ್ದರು. ದಾಖಲೆಯ ಪುಟ ಮುದ್ರಿಸಿ ನನ್ನ ಕೀಲಿಯ ಗುರುತಿದ್ದ ಜಾಗಕ್ಕೆ ಗೆರೆ ಎಳೆದೆ. ಮೀಟಿಂಗಿಗೆ ಬಂದಿದ್ದ ಮೂವರ ಎದುರು ನಾನೇ ಗಟ್ಟಿಯಾಗಿ ಓದಿದೆ, ಬಾಗಿಲಲ್ಲಿ ನೇಕಾರರು ನಿಂತಿದ್ದರು.

ಓದಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೀಟಿಂಗಿಗೆ ಬಂದ ಹಿರಿಯರೊಬ್ಬರು, ಹಾಗಾದರೆ ಆ ಹೆಣ್ಣುಮಗಳದ್ದು ಏನೂ ಇಲ್ಲವಲ್ಲ, ಮಗ್ಗದ ಮಾತು ಇಲ್ಲಿಗೆ ಬಿಡಿ ಎಂದರು. ಕಾರ್ಯದರ್ಶಿ ಹಾಳೆಯನ್ನು ಮಡಚಿ ಕಪಾಟಿಗೆ ಹಾಕಿದರು. ನಾಳೆಯಿಂದ ನೀವು ಬರುವುದು ಬೇಡ, ಮೈಸೂರಿನಲ್ಲಿ ಯಾರನ್ನಾದರೂ ನೋಡಿಕೊಳ್ಳುತ್ತೇವೆ ಎಂದರು. ತಪ್ಪು ಒಪ್ಪಿಕೊಂಡವನನ್ನು ಇಟ್ಟುಕೊಂಡರೆ ಉಳಿದವರ ಗತಿಯೇನು ಎಂದು ಅನ್ನಿಸಿರಬೇಕು. ನನ್ನ ಕೀಲಿಯನ್ನು ನಾನೇ ತೆಗೆದುಹಾಕಿ ಎದ್ದೆ.

ಬಾಗಿಲಲ್ಲಿ ಆಕೆ ಎದುರಾದಳು. ದಾರಿ ಬಿಡಲು ಪಕ್ಕಕ್ಕೆ ಸರಿದೆ. ಆಕೆಯೇ ಹೇಳಿದಳು.

“ಪಾಡ್ಯದ ದಿನ ಇದ್ರ ಮುಂದೆ ನಿಂತು ಒಂದೊಂದ್ ಅಕ್ಸರನೂ ಮೂರ್ ಮೂರ್ ಸಲ ನೋಡ್ತಿದ್ದೆ ಸಾ ನಾನು. ಒಂದಕ್ಸರ ತೆಪ್ಪುದ್ರೆ ಮಗ್ಗ ಓಯ್ತದೆ ಅಂತ. ನಿಮ್ದು ನೋಡುದ್ರೆ ಬರೀ ಹಟ.”

ಇಷ್ಟು ಹೇಳಿ ಗೋಡೆಯ ರಟ್ಟನ್ನು ಕಿತ್ತು, ಎರಡಾಗಿ ಮುರಿದು, ಕಸದ ಬುಟ್ಟಿಗೆ ಹಾಕಿ ಮಗ್ಗಕ್ಕೆ ಹೋದಳು. ಮೀಟಿಂಗು ಮುಗಿದು ಮತ್ತೆ ಮೆಟ್ಟಿಲ ಮೇಲೆ ಕೂತಿದ್ದ ನೇಕಾರರ ಕಾಲುಗಳನ್ನು, ಬಂದಾಗ ದಾಟಿದ ಹಾಗೇ ದಾಟಿಕೊಂಡು ಹೊರಗೆ ಬಂದೆ. ಹನೂರಿನ ಡಿಸ್ಕು ಅರ್ಧ ಬಿಚ್ಚಿದಂತೆಯೇ ಕಾಯುತ್ತಿತ್ತು.

ಮುಂದಿನ ಅಮಾವಾಸ್ಯೆ ಬಂತು. ಆ ಯಂತ್ರಕ್ಕೂ ನನಗೂ ಸಂಬಂಧವಿಲ್ಲ, ಒಳಗೆ ಹೋಗಿ ನೋಡಲು ಕೀಲಿಯೂ ಇಲ್ಲ. ಆದರೂ ಪಾಡ್ಯದ ಬೆಳಿಗ್ಗೆ ಆರೂವರೆಗೇ ಎಚ್ಚರವಾಗಿ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ. ಏಳು ಗಂಟೆಯಾಯಿತು. ಹೊಡೆದುಕೊಳ್ಳಲಿಲ್ಲ. ಏಳೂಕಾಲು. ಹೆಂಡತಿ ಬಂದು ನನ್ನ ಮುಖ ನೋಡಿ ಕಾಫಿ ಇಟ್ಟು ಹೋದಳು. ಏಳೂವರೆಗೆ ತಡೆಯಲಾರದೆ ನಾನೇ ಮಗ್ಗದ ಮನೆಗೆ ಫೋನು ಹೊಡೆದೆ. ಬಹಳ ಹೊತ್ತಿನ ಮೇಲೆ ಐದನೇ ಮಗ್ಗದವಳು ಎತ್ತಿದಳು. ಹಿಂದೆ ಮಗ್ಗಗಳು ಬಡಿಯುತ್ತಿದ್ದವು. ಎದ್ದಿತಾ ಎಂದು ಕೇಳಿದೆ.

“ಎದ್ದದೆ.”

ಏನು ಹೊಡೆದಿರಿ ಎಂದೆ.

“ಏನೂ ಒಡೀಲಿಲ್ಲ. ಸ್ವಿಚ್ ಆಕ್ದೆ, ಎದ್ಕತು. ಇನ್ ಪೋನ್ ಮಾಡ್ಬೇಡಿ ಸಾ, ಎಳೆ ಎಣಿಸ್ತಾ ಇವ್ನಿ.”